ಜಾಗ ತಪ್ಪಿದ ವೀರಗಲ್ಲು

ಹಾನಗಲ್ಲಿನ ತಾರಕೇಶ್ವರ ದೇವಾಲಯವನ್ನು ನೋಡಹೋದವರು ಒಳಗಿನ ಛತ್ತಿನಲ್ಲಿ ತಲೆಕೆಳಗಾಗಿ ಅರಳಿರುವ ಕಲ್ಲಿನ ಮಹಾಪದ್ಮವನ್ನು ಕಂಡು ಕತ್ತು ನೋಯುವವರೆಗೆ ಮೇಲೆ ನೋಡುತ್ತ ನಿಲ್ಲುವುದುಂಟು. ಹೊರಗಣ ಆವರಣದಲ್ಲಿ ಬಿಸಿಲಿಗೆ ಮೈಯೊಡ್ಡಿ ನಿಂತ ವೀರಗಲ್ಲುಗಳ ಕಡೆಗೆ ಅವರ ದೃಷ್ಟಿ ಅಷ್ಟಾಗಿ ಹರಿಯದು. ಆದರೂ ಈ ಊರಿನ ಚರಿತ್ರೆಯ ಒಂದು ರೋಮಾಂಚಕಾರಿ ಅಧ್ಯಾಯ ನಮಗೆ ತಿಳಿದಿರುವುದು ಇಂತಹ ಒಂದು ವೀರಗಲ್ಲಿನ ಬರಹದಿಂದಲೇ. ೧೧೯೬ರಲ್ಲಿ ಹೊಯ್ಸಳ ವೀರಬಲ್ಲಾಳನು ಆನೆಕೆರೆಯ ಬಳಿ ಪಾಳೆಯ ಬಿಟ್ಟು ಪಾನುಂಗಲ್ಲಿಗೆ ಮುತ್ತಿಗೆ ಹಾಕಿದನು. ಕದಂಬ ಕಾಮದೇವನ ದಂಡನಾಯಕ ಸೋಹಣಿಯು ಶತ್ರುಸೈನ್ಯವನ್ನು ಹಿಮ್ಮೆಟ್ಟಿಸಿ, ತಾನು ಆ ಕಾಳಗದಲ್ಲಿಯೇ ಮಡಿದನು. ಪಾನುಂಗಲ್ಲು ಹಾನಗಲ್ಲಾಯಿತು. ಕದಂಬರು ಹೋದರು, ಹೊಯ್ಸಳರೂ ಹೋದರು. ಕಲ್ಲುಗಳು ಮಾತ್ರ ನಿಂತಿವೆ.

ಇಷ್ಟು ಕಾಲ ಕದಲದೆ ನಿಂತ ಕಲ್ಲಿನ ಭಾವಚಿತ್ರವು ಒಂದು ಸಂಜೆಯೊಳಗಾಗಿ ಹಾನಗಲ್ಲನ್ನು ಬಿಟ್ಟು ಹಿರೇಕೆರೂರು ತಾಲೂಕಿನ ಅಬಲೂರಿಗೆ ಹೋಗಿ ಕುಳಿತರೆ?

ವಾಚಕರು ಕ್ಷಣಕಾಲ ಹೀಗೆ ಊಹಿಸಿಕೊಳ್ಳಲಿ. ಹಾನಗಲ್ಲಿನ ವಿದ್ಯಾರ್ಥಿಯೊಬ್ಬನು ಹಾವೇರಿ ಜಿಲ್ಲೆಯ ವೀರಗಲ್ಲುಗಳನ್ನು ಕುರಿತು ಪ್ರಬಂಧ ಬರೆಯುತ್ತಿದ್ದಾನೆ. ಬರಹದ ಬೆರಳಚ್ಚು ಸವಣೂರಿನ ಡಿ.ಟಿ.ಪಿ. ಅಂಗಡಿಯಲ್ಲಿ ಆಗಿದೆ, ಅಲ್ಲಿ ಇರುವುದು ಹಳೆಯ ಯಂತ್ರ, ೨೦೦೩ರ ವರ್ಡ್, ನುಡಿ ಲಿಪಿ. ಅಲ್ಲಿಂದ ಬಂದ ಫೈಲನ್ನು ವಿದ್ಯಾರ್ಥಿಯು ತನ್ನ ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದು, ಬೇಸಗೆಯ ರಜೆಯೆಲ್ಲ ಮೋಟರ್ ಸೈಕಲ್ಲಿನಲ್ಲಿ ಅಲೆದು ತೆಗೆದ ನೂರಾರು ಫೋಟೋಗಳಲ್ಲಿ ನಲವತ್ತನ್ನು ಆರಿಸಿ, ಒಂದೊಂದನ್ನೂ ಇಲಿಯಿಂದ ಎಳೆದು ಪುಟಪುಟದಲ್ಲಿಯೂ ಕೂರಿಸಿದ್ದಾನೆ. ಮಾರ್ಗದರ್ಶಕರು ಇರುವುದು ಶಿಗ್ಗಾಂವಿಯಲ್ಲಿ. ಅವರ ಯಂತ್ರದಲ್ಲಿರುವುದು ಲಿಬ್ರೆ ಆಫೀಸ್. ಹಿರೇಕೆರೂರಿನಲ್ಲಿ ಒಬ್ಬ ನಿವೃತ್ತ ಮಾಸ್ತರರು. ಶಾಸನಗಳ ಓದಿನಲ್ಲಿ ಪಳಗಿದವರಾದ್ದರಿಂದ ಅವರಿಗೂ ಒಂದು ಪ್ರತಿ ಹೋಗುತ್ತದೆ. ಅವರು ನೋಡುವುದು ಕೈಯೊಳಗಿನ ಫೋನಿನಲ್ಲಿ.

ಸಂಜೆಗೆ ಶಿಗ್ಗಾಂವಿಯಿಂದ ಕರೆ ಬರುತ್ತದೆ.

“ಏನಪಾ, ಹಾನಗಲ್ಲ ವೀರಗಲ್ಲು ಅಬಲೂರು ಗುಡಿಯೊಳಗ ಯಾವಾಗ ಬಂತು?”

“ಇಲ್ರೀ ಸರ, ನನ್ನ ಮಷಿನ್ಯಾಗ ಸರಿ ಐತ್ರಿ. ಎಂಬತ್ನಾಲ್ಕನೇ ಪುಟದಾಗ ಐತಿ ನೋಡ್ರಿ.”

“ಎಂಬತ್ತೈದರಾಗ ಐತಿ. ಕೆಳಗ ಅಬಲೂರು ಸೋಮೇಶ್ವರ ದೇವಾಲಯದ ಶಿಲ್ಪ ಅಂತ ಬರದೀಯಲ್ಲ!”

ಸವಣೂರಿನ ಅಂಗಡಿಯವನನ್ನು ಕೇಳಿದರೆ, “ಅಣ್ಣಾರ, ನಾವೇನೂ ಕೈ ಹಚ್ಚಿಲ್ರಿ, ಬರೇ ತಗದ ನೋಡೀವಿ” ಎನ್ನುತ್ತಾನೆ. ಅವನ ಯಂತ್ರದಲ್ಲಿ ಎರಡು ಚಿತ್ರಗಳು ಒಂದರ ಮೇಲೊಂದು ಬಿದ್ದಿವೆ. ಹಿರೇಕೆರೂರಿನ ಮಾಸ್ತರರಿಗೆ ಚಿತ್ರಗಳು ಸರಿಯಾಗಿಯೇ ಕಂಡಿವೆ. ಆದರೆ ಕನ್ನಡವಿರಬೇಕಾದ ಕಡೆಯಲ್ಲಿ ಇಂಗ್ಲಿಷಿನ ಅಕ್ಷರಗಳು ತಲೆಯ ಮೇಲೆ ಚುಕ್ಕೆ, ಗೆರೆಗಳನ್ನು ಹೊತ್ತು ಯಾವುದೋ ದ್ವೀಪಾಂತರದ ಭಾಷೆಯಂತೆ ಕುಣಿದಿವೆ. ಫೈಲು ಒಂದೇ. ಯಾರೂ ಸುಳ್ಳು ಹೇಳುತ್ತಿಲ್ಲ. ಆದರೂ ನಾಲ್ಕು ಊರುಗಳಲ್ಲಿ ನಾಲ್ಕು ಪುಸ್ತಕಗಳು!

ಈ ಚಮತ್ಕಾರದ ಗುಟ್ಟನ್ನು ಅರಿಯಲು ಮೊಳೆಯಚ್ಚಿನ ಕಾಲವನ್ನೊಮ್ಮೆ ನೆನೆಯಬೇಕು. ಆಗ ಚಿತ್ರವೆಂದರೆ ಸತುವಿನ ತಗಡಿನಲ್ಲಿ ಕೊರೆದು ಮರದ ತುಂಡಿನ ಮೇಲೆ ಬಡಿದ ಬ್ಲಾಕು. ಕಂಪೋಜಿಟರನು ಅಕ್ಷರದ ಮೊಳೆಗಳನ್ನು ಸಾಲಾಗಿ ಜೋಡಿಸಿ, ಬ್ಲಾಕನ್ನು ಅವುಗಳ ನಡುವೆ ಇಟ್ಟು, ಸುತ್ತಲೂ ಕಬ್ಬಿಣದ ಚೌಕಟ್ಟು ಬಿಗಿದು ಬೆಣೆ ಹೊಡೆದನೆಂದರೆ ಆ ಪುಟವು ಒಂದು ಘನವಸ್ತು. ಅದನ್ನು ಹುಬ್ಬಳ್ಳಿಗೆ ಒಯ್ದರೂ ಧಾರವಾಡಕ್ಕೆ ಒಯ್ದರೂ ಬ್ಲಾಕು ಕೂದಲೆಳೆಯಷ್ಟೂ ಸರಿಯುತ್ತಿರಲಿಲ್ಲ. ಸರಿಯಬೇಕಾದರೆ ಯಾರಾದರೂ ಬೆಣೆ ಸಡಿಲಿಸಬೇಕು.

ವರ್ಡಿನ ಫೈಲಿನೊಳಗೆ ಅಂತಹ ಪುಟವೇ ಇಲ್ಲ. ಪರದೆಯ ಮೇಲೆ ಬಿಳಿಯ ಹಾಳೆಯಂತೆ ಕಾಣುವುದು ಕೇವಲ ತೋರಿಕೆ. ಫೈಲಿನಲ್ಲಿರುವುದು ಅಕ್ಷರಗಳ ಒಂದು ಉದ್ದನೆಯ ಪ್ರವಾಹ ಮತ್ತು ಆ ಪ್ರವಾಹವನ್ನು ಹೇಗೆ ಹಾಳೆಗೆ ಇಳಿಸಬೇಕೆಂಬ ಅಪ್ಪಣೆಗಳು: ಈ ಲಿಪಿಯಲ್ಲಿ ಬರೆ, ಇಷ್ಟು ಅಂಚು ಬಿಡು, ಸಾಲಿಗೂ ಸಾಲಿಗೂ ಇಷ್ಟು ಅಂತರವಿಡು, ಈ ಚಿತ್ರವನ್ನು ಇಂಥಲ್ಲಿ ನಿಲ್ಲಿಸು. ಫೈಲನ್ನು ತೆರೆದಾಗಲೆಲ್ಲ ಆ ಯಂತ್ರದಲ್ಲಿರುವ ತಂತ್ರಾಂಶವು ಈ ಅಪ್ಪಣೆಗಳನ್ನು ಓದಿ, ತನ್ನ ಬಳಿಯಿರುವ ಮೊಳೆಗಳಿಂದ ಪುಟಗಳನ್ನು ಹೊಸದಾಗಿಯೇ ಕಟ್ಟುತ್ತದೆ. ಎಂದರೆ, ಸವಣೂರಿನಲ್ಲಿ ಒಬ್ಬ ಕಂಪೋಜಿಟರ್, ಶಿಗ್ಗಾಂವಿಯಲ್ಲಿ ಇನ್ನೊಬ್ಬ, ಹಾನಗಲ್ಲಿನಲ್ಲಿ ಮತ್ತೊಬ್ಬ. ಒಂದೇ ಹಸ್ತಪ್ರತಿಯಿಂದ ಮೂವರು ಬೇರೆಬೇರೆಯಾಗಿ ಪುಟ ಕಟ್ಟಿದರೆ ಎಂಬತ್ನಾಲ್ಕನೆಯ ಪುಟವು ಮೂರು ಕಡೆಯೂ ಒಂದೇ ಸಾಲಿಗೆ ಮುಗಿಯಬೇಕೆಂಬ ನಿಯಮವೇನೂ ಇಲ್ಲವಷ್ಟೆ.

ಇನ್ನು ಚಿತ್ರದ ವಿಚಾರ. ವರ್ಡಿನಲ್ಲಿ ಚಿತ್ರಕ್ಕೆ ಎರಡು ವಿಧದ ಬಾಳು. ಒಂದು, ಸಾಲಿನೊಳಗಿನ ಬಾಳು. ಆಗ ಚಿತ್ರವೂ ಒಂದು ಅಕ್ಷರವೇ. ಎತ್ತರದ, ದಪ್ಪನೆಯ ಅಕ್ಷರ. ಹಿಂದಿನ ಪದದ ನಂತರ ಬರುತ್ತದೆ, ಮುಂದಿನ ಪದಕ್ಕಿಂತ ಮೊದಲು ನಿಲ್ಲುತ್ತದೆ. ಸಾಲು ಕೆಳಗಿಳಿದರೆ ತಾನೂ ಇಳಿಯುತ್ತದೆ. ಇನ್ನೊಂದು, ತೇಲುವ ಬಾಳು. ಬಲಗಡೆಯಲ್ಲಿ ಚಿತ್ರ, ಎಡಗಡೆಯಲ್ಲಿ ಬರಹ ಹರಿದು ಬರಬೇಕೆಂಬ ಆಸೆಯಿಂದ ನಾವು ಚಿತ್ರವನ್ನು ಸಾಲಿನಿಂದ ಬಿಡಿಸಿ ಇಲಿಯಿಂದ ಎಳೆದಾಡುವುದುಂಟಲ್ಲ, ಅದು ಇದು. ನೋಡಲು ಅಂದ. ಆದರೆ ತೇಲುವ ಚಿತ್ರವು ನೀರಿನ ಮೇಲಿನ ಹಡಗಿನಂತೆ. ಅದಕ್ಕೊಂದು ಲಂಗರು ಬೇಕು. ವರ್ಡ್ ತಾನಾಗಿಯೇ ಹತ್ತಿರದ ಯಾವುದಾದರೊಂದು ಪ್ಯಾರಾಕ್ಕೆ ಆ ಲಂಗರನ್ನು ಕಟ್ಟಿಬಿಡುತ್ತದೆ. ಚಿತ್ರವನ್ನು ಎರಡು ಬೆರಳು ಕೆಳಗೆ ಎಳೆದರೆ ಲಂಗರು ಸದ್ದಿಲ್ಲದೆ ಮುಂದಿನ ಪ್ಯಾರಾಕ್ಕೆ ಹಾರುತ್ತದೆ. ಪರದೆಯ ಮೇಲೆ ಅದರ ಗುರುತು ಕಾಣುವುದು ಚಿತ್ರವನ್ನು ಆರಿಸಿದಾಗ ಮಾತ್ರ. ಕಂಡರೂ ಆ ಪುಟ್ಟ ಗುರುತಿನ ಅರ್ಥವೇನೆಂದು ವಿಚಾರಿಸುವವರು ಎಷ್ಟು ಜನ?

ಲಂಗರು ಕಟ್ಟಿದ್ದು ಪ್ಯಾರಾಕ್ಕೆ. ಅಳತೆ ಹಿಡಿದದ್ದು ಬೇರೆ ಯಾವುದರಿಂದಲೋ ಇರಬಹುದು. ಹಾಳೆಯ ಮೇಲಂಚಿನಿಂದ ಇಷ್ಟು ಅಂಗುಲ ಕೆಳಗೆ, ಅಥವಾ ಪ್ಯಾರಾದ ತಲೆಯಿಂದ ಇಷ್ಟು ಕೆಳಗೆ, ಅಥವಾ ಬದಿಯಂಚಿನಿಂದ ಇಷ್ಟು ಒಳಗೆ, ಹೀಗೆ ಹಲವು ಬಗೆ. ಹಾನಗಲ್ಲಿನ ವೀರಗಲ್ಲಿನ ಅವಾಂತರವೆಲ್ಲ ಇಲ್ಲಿಯೇ ಅಡಗಿದೆ. ಅದರ ಲಂಗರು ಎಂಬತ್ನಾಲ್ಕನೆಯ ಪುಟದ ಕೊನೆಯ ಪ್ಯಾರಾಕ್ಕೆ ಬಿದ್ದಿತ್ತು. ಅಳತೆಯನ್ನು ಹಾಳೆಯ ಮೇಲಂಚಿನಿಂದ ಹಿಡಿಯಲಾಗಿತ್ತು. ಶಿಗ್ಗಾಂವಿಯ ಯಂತ್ರದಲ್ಲಿ ಪುಟಕ್ಕೆ ಮೂರು ಸಾಲು ಕಡಮೆ ಹಿಡಿದದ್ದರಿಂದ ಆ ಕೊನೆಯ ಪ್ಯಾರಾ ಮುಂದಿನ ಪುಟಕ್ಕೆ ಜಾರಿತು. ಪ್ಯಾರಾ ಜಾರಿದ ಮೇಲೆ ಲಂಗರೂ ಜಾರಿತು. ಚಿತ್ರವು ಎಂಬತ್ತೈದನೆಯ ಪುಟದಲ್ಲಿ, ಮೇಲಿನಿಂದ ಅಷ್ಟೇ ಅಂಗುಲದಲ್ಲಿ, ಅಬಲೂರಿನ ಶಿಲ್ಪದ ಮೇಲೆಯೇ ಹೋಗಿ ಕುಳಿತಿತು. ಅಬಲೂರಿನ ಶಿಲ್ಪ ಅದರಡಿಯಲ್ಲಿ ಮರೆಯಾಯಿತು. ಅದರ ಅಡಿಬರಹ ಮಾತ್ರ ಉಳಿಯಿತು.

ಹಾಗಾದರೆ ಹಾನಗಲ್ಲಿನ ಅಡಿಬರಹವೇಕೆ ಚಿತ್ರದ ಜೊತೆಗೆ ಹೋಗಲಿಲ್ಲ? ತೇಲುವ ಚಿತ್ರಕ್ಕೆ ಅಡಿಬರಹ ಸೇರಿಸಿದಾಗ ವರ್ಡ್ ಅದನ್ನು ಪ್ರತ್ಯೇಕವಾದ ಒಂದು ಬರಹದ ಪೆಟ್ಟಿಗೆಯಲ್ಲಿ ಇಡುತ್ತದೆ. ಆ ಪೆಟ್ಟಿಗೆಗೂ ಅದರದೇ ಆದ ಲಂಗರು. ನಮ್ಮ ಕಣ್ಣಿಗೆ ಚಿತ್ರವೂ ಅಡಿಬರಹವೂ ಗಂಡಹೆಂಡಿರಂತೆ ಕೂಡಿಯೇ ಇರುವಂತೆ ಕಂಡರೂ ತಂತ್ರಾಂಶದ ಲೆಕ್ಕದಲ್ಲಿ ಅವರು ಒಂದೇ ಬಸ್ಸಿನಲ್ಲಿ ಅಕ್ಕಪಕ್ಕ ಕುಳಿತ ಅಪರಿಚಿತರು. ಚಿತ್ರವನ್ನು ಎಳೆದಾಗ ಅದರ ಲಂಗರು ಹಾರಿತು, ಪೆಟ್ಟಿಗೆಯದು ಹಾರಲಿಲ್ಲ.

ಮೂರು ಸಾಲು ಕಡಮೆ ಹಿಡಿದದ್ದೇಕೆ ಎಂಬುದು ಮುಂದಿನ ಪ್ರಶ್ನೆ. ಕನ್ನಡದವರಾದ ನಮಗೆ ಇದು ವಿಶೇಷವಾಗಿ ಅಂಟಿಕೊಂಡ ಕಷ್ಟ. ನಮ್ಮ ಲಿಪಿಗೆ ತಲೆಯ ಮೇಲೆ ಗುಡಿಸು, ಕೆಳಗೆ ಒತ್ತು, ಒತ್ತಿನ ಪಕ್ಕದಲ್ಲಿ ಮತ್ತೊಂದು ಕೊಂಬು. ‘ರಾಷ್ಟ್ರ’ ಎಂಬ ಒಂದು ಪದಕ್ಕೆ ಬೇಕಾಗುವ ಎತ್ತರ ಇಂಗ್ಲಿಷಿನ ಯಾವ ಪದಕ್ಕೂ ಬೇಡ. ಈ ಎತ್ತರವನ್ನು ಪ್ರತಿಯೊಬ್ಬ ಲಿಪಿಕಾರನೂ ತನ್ನ ವಿವೇಚನೆಯಂತೆ ನಿಗದಿ ಮಾಡಿರುತ್ತಾನೆ. ವಿಂಡೋಸ್ ಎಕ್ಸ್‌ಪಿಯ ಜೊತೆಗೆ ಬಂದ ತುಂಗಾ ಲಿಪಿಯ ಸಾಲಿಗೂ, ವಿಂಡೋಸ್ ೮ರ ಜೊತೆಗೆ ಬಂದ ನಿರ್ಮಲಾ ಲಿಪಿಯ ಸಾಲಿಗೂ, ನುಡಿ ಬರಹ ಲಿಪಿಗಳ ಸಾಲಿಗೂ ಎತ್ತರ ಒಂದೇ ಅಲ್ಲ, ಅಕ್ಷರದ ಅಗಲವೂ ಒಂದೇ ಅಲ್ಲ. ಫೈಲಿನಲ್ಲಿ ಹೆಸರಿಸಿದ ಲಿಪಿ ಆ ಯಂತ್ರದಲ್ಲಿ ಇಲ್ಲದಿದ್ದರೆ ತಂತ್ರಾಂಶವು ಯಾರನ್ನೂ ಕೇಳದೆ ಇನ್ನೊಂದನ್ನು ಆ ಜಾಗಕ್ಕೆ ಹಾಕಿಕೊಳ್ಳುತ್ತದೆ. ಸಾಲಿಗೆ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಎಂಬತ್ತು ಪುಟಗಳಲ್ಲಿ ಅದು ಬೆಳೆದು ಪುಟಗಟ್ಟಲೆಯಾಗುತ್ತದೆ.

ಇದಕ್ಕಿಂತ ಘೋರವಾದದ್ದು ಹಿರೇಕೆರೂರಿನ ಮಾಸ್ತರರಿಗೆ ಕಂಡದ್ದು. ೧೯೯೮ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಾಗ, ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದಾಗ, ಕನ್ನಡಿಗರಿಗೆ ಆದ ಉಪಕಾರ ಸಾಮಾನ್ಯವಲ್ಲ. ಊರೂರಿನ ಡಿ.ಟಿ.ಪಿ. ಅಂಗಡಿ, ತಾಲೂಕು ಕಚೇರಿ, ಮಠದ ಸ್ಮರಣ ಸಂಚಿಕೆ, ಎಲ್ಲವೂ ಅವುಗಳಿಂದಲೇ ಕನ್ನಡ ಕಂಡವು. ಆದರೆ ಅಂದಿನ ಲಿಪಿಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಣುಕುಗಳನ್ನು ಬಾಡಿಗೆಗೆ ಇಟ್ಟ ಲಿಪಿಗಳು. ಯಂತ್ರದ ಪಾಲಿಗೆ ಅದು ಇಂಗ್ಲಿಷೇ. ಮೇಲೆ ಹೊದಿಸಿದ ಲಿಪಿಯ ವೇಷದಿಂದ ನಮಗೆ ಕನ್ನಡವಾಗಿ ಕಾಣುತ್ತದೆ. ವೇಷ ಕಳಚಿದರೆ, ಎಂದರೆ ಆ ಲಿಪಿ ಇಲ್ಲದ ಯಂತ್ರದಲ್ಲಿ ತೆರೆದರೆ, ಒಳಗಿನ ರೂಪ ಹೊರಬೀಳುತ್ತದೆ. ವಾಕ್ಯದ ಮೊದಲ ಅಕ್ಷರವನ್ನು ತಾನಾಗಿಯೇ ದೊಡ್ಡದು ಮಾಡುವ ವರ್ಡಿನ ಚಾಳಿಯಿಂದಾಗಿ ಇಂತಹ ಬರಹದಲ್ಲಿ ಒಂದು ಕನ್ನಡದ ಅಕ್ಷರ ಇನ್ನೊಂದಾಗಿ ಬಿಡುವುದನ್ನು ಕಂಡು ಹಣೆ ಚಚ್ಚಿಕೊಂಡ ಬೆರಳಚ್ಚುಗಾರರು ಎಷ್ಟೋ! ಯುನಿಕೋಡ್ ಎಂಬ ಜಾಗತಿಕ ವ್ಯವಸ್ಥೆಯು ೧೯೯೧ರ ತನ್ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೧೨೮ ಮನೆಗಳ ಸ್ವಂತ ಕೇರಿಯನ್ನು ಕೊಟ್ಟಿತು. ಅದರಲ್ಲಿ ಬರೆದದ್ದು ಯಾವ ಯಂತ್ರದಲ್ಲಿಯೂ ಕನ್ನಡವಾಗಿಯೇ ಉಳಿಯುತ್ತದೆ. ನುಡಿಯ ಹಳೆಯ ಬರಹವನ್ನು ಯುನಿಕೋಡಿಗೆ ಪರಿವರ್ತಿಸುವ ಸಾಧನಗಳೂ ಬಂದಿವೆ. ಆದರೆ ಪರಿವರ್ತಿಸಿದೊಡನೆ ಸಾಲಿನ ಉದ್ದ, ಎತ್ತರ ಬದಲಾಗಿ, ಕೂರಿಸಿದ್ದ ಚಿತ್ರಗಳು ಮತ್ತೊಮ್ಮೆ ಗುಳೆ ಹೊರಡುತ್ತವೆ! ಆದ್ದರಿಂದ ಮೊದಲು ಲಿಪಿ, ಆಮೇಲೆ ಚಿತ್ರ ಎಂಬ ಕ್ರಮವನ್ನು ಮೀರದಿರುವುದೇ ಕ್ಷೇಮ.

ಆವೃತ್ತಿಗಳ ಜಗಳ ಇನ್ನೊಂದು ಬಗೆಯದು. ವರ್ಡ್ ೯೭ರಿಂದ ೨೦೦೩ರವರೆಗೆ ‘ಡಾಕ್’ ಎಂಬ ಒಂದೇ ಜಾತಿಯ ಫೈಲು ನಡೆಯಿತು. ೨೦೦೭ರ ಆವೃತ್ತಿಯಲ್ಲಿ ‘ಡಾಕ್ಸ್’ ಬಂದಿತು. ಅಕ್ಷರ ಒಂದೇ ಹೆಚ್ಚಾದರೂ ಒಳಗಿನ ಕಟ್ಟಡ ಪೂರ್ತಿ ಬೇರೆ. ಚಿತ್ರ, ಆಕೃತಿಗಳನ್ನು ವರ್ಣಿಸುವ ಭಾಷೆಯನ್ನೇ ಬದಲಾಯಿಸಿದರು. ಹೊಸದರಲ್ಲಿ ಮಾಡಿದ ನಕ್ಷೆ, ಬಾಣದ ಗುರುತು, ನೆರಳುಗಳನ್ನು ಹಳೆಯದಕ್ಕೆ ಇಳಿಸಿದಾಗ ಕೆಲವು ಅಳಿದುಹೋಗುತ್ತವೆ, ಕೆಲವು ತಿದ್ದಲಾಗದ ನಿಶ್ಚಲ ಚಿತ್ರಗಳಾಗಿ ಹೆಪ್ಪುಗಟ್ಟುತ್ತವೆ. ಮಾಮೂಲು ಸಾಲಿನ ಅಂತರವೂ ೨೦೦೭ರಲ್ಲಿ ಒಂದರಿಂದ ೧.೧೫ಕ್ಕೆ ಏರಿತು, ೨೦೧೩ರಲ್ಲಿ ೧.೦೮ಕ್ಕೆ ಇಳಿಯಿತು. ಇದರ ಮೇಲೆ, ಹಳೆಯ ವರ್ಡ್ ಪುಟ ಕಟ್ಟುವಾಗ ಯಂತ್ರಕ್ಕೆ ಜೋಡಿಸಿದ ಪ್ರಿಂಟರಿನ ಅಳತೆಯನ್ನು ವಿಚಾರಿಸುತ್ತಿತ್ತು. ಪ್ರಿಂಟರ್ ಬದಲಾದರೆ ಪುಟವೂ ಬದಲಾಗುತ್ತಿತ್ತು. ‘ಮನೆಯಲ್ಲಿ ಸರಿಯಿತ್ತು, ಅಂಗಡಿಯಲ್ಲಿ ಕೆಟ್ಟಿತು’ ಎಂಬ ಹಳೆಯ ದೂರಿನ ಹಿಂದೆ ಇಂತಹ ಕಾರಣವೂ ಇರುತ್ತಿತ್ತೆಂಬುದನ್ನು ಅರಿಯದೆ ಪಾಪ, ಎಷ್ಟು ಜನ ಅಂಗಡಿಯವರು ಬೈಸಿಕೊಂಡರೋ!

ಲಿಬ್ರೆ ಆಫೀಸಿನದು ಇನ್ನೊಂದು ಸಂಪ್ರದಾಯ. ಅಲ್ಲಿ ಚಿತ್ರವನ್ನು ಪ್ಯಾರಾಕ್ಕೆ, ಅಕ್ಷರಕ್ಕೆ ಮಾತ್ರವಲ್ಲದೆ ನೇರವಾಗಿ ಪುಟಕ್ಕೂ ಕಟ್ಟಬಹುದು. ವರ್ಡಿನಲ್ಲಿ ಪುಟಕ್ಕೆ ಕಟ್ಟುವ ಲಂಗರೇ ಇಲ್ಲ. ಒಂದರಲ್ಲಿರುವ ಅಪ್ಪಣೆಯನ್ನು ಇನ್ನೊಂದು ತನಗೆ ತಿಳಿದಂತೆ ಅರ್ಥೈಸಬೇಕು. ಎರಡು ಬಗೆಯ ಫೈಲುಗಳಿಗೂ ಅಂತರರಾಷ್ಟ್ರೀಯ ಮಾನಕದ ಮುದ್ರೆ ಬಿದ್ದಿದೆ, ಒಂದಕ್ಕೆ ೨೦೦೬ರಲ್ಲಿ, ಇನ್ನೊಂದಕ್ಕೆ ೨೦೦೮ರಲ್ಲಿ. ಮುದ್ರೆಯೇನೋ ಸರಿ. ಆದರೆ ಬೇರೆಬೇರೆ ಮನೆಗಳ ಇಬ್ಬರು ಅಡಿಗೆಯವರು ಒಂದೇ ಪಾಕಶಾಸ್ತ್ರವನ್ನು ಓದಿ ಮಾಡಿದ ಹುಳಿಯ ರುಚಿ ಒಂದೇ ಆಗಿರುವುದಿಲ್ಲ.

ಸಣ್ಣಪುಟ್ಟ ವಿಪತ್ತುಗಳಿಗೂ ಕಡಮೆಯಿಲ್ಲ. ಚಿತ್ರದ ಜಾಗದಲ್ಲಿ ಬರಿಯ ಒಂದು ಪಟ್ಟಿ ಕಂಡು, ವೀರನ ಪೇಟದ ತುದಿಯೋ ಕುದುರೆಯ ಗೊರಸೋ ಮಾತ್ರ ಕಾಣಿಸಿ ಉಳಿದುದೆಲ್ಲ ಮಾಯವಾಗುವುದುಂಟು. ಫೋಟೋ ಕೆಟ್ಟಿತೆಂದು ಮತ್ತೆ ಊರಿಗೆ ಹೋಗಿ ಬರುವ ಅಗತ್ಯವಿಲ್ಲ. ಸಾಲಿನ ಅಂತರವನ್ನು ‘ಇಷ್ಟೇ’ ಎಂದು ಕಟ್ಟುನಿಟ್ಟಾಗಿ ನಿಗದಿ ಮಾಡಿದ್ದರೆ, ಸಾಲಿನೊಳಗಿನ ಚಿತ್ರವು ಆ ಎತ್ತರದ ಕಿಂಡಿಯಿಂದಲೇ ಇಣುಕಬೇಕಾಗುತ್ತದೆ. ಆ ಒಂದು ಪ್ಯಾರಾದ ಅಂತರವನ್ನು ‘ಒಂದು ಸಾಲು’ ಎಂದು ಬದಲಿಸಿದರೆ ವೀರನು ಕುದುರೆಸಮೇತ ಪ್ರತ್ಯಕ್ಷನಾಗುತ್ತಾನೆ. ಇನ್ನು ಕೆಲವರು ಚಿತ್ರವನ್ನು ಫೈಲಿನೊಳಗೆ ಸೇರಿಸದೆ, ತಮ್ಮ ಯಂತ್ರದಲ್ಲಿ ಅದಿರುವ ಜಾಗದ ವಿಳಾಸವನ್ನು ಮಾತ್ರ ಕೊಂಡಿಯಾಗಿ ಕೊಟ್ಟಿರುತ್ತಾರೆ. ವಿಳಾಸದ ಚೀಟಿ ಶಿಗ್ಗಾಂವಿಗೆ ಹೋಗುತ್ತದೆ, ಮನೆ ಹಾನಗಲ್ಲಿನಲ್ಲಿಯೇ ಉಳಿಯುತ್ತದೆ. ಅಲ್ಲಿ ಕಾಣುವುದು ಕೆಂಪು ಕಾಟಿನ ಗುರುತು.

ಕಣ್ಣಿಗೆ ಕಾಣದ ನಷ್ಟ ಮತ್ತೊಂದಿದೆ, ಅದು ಹೆಚ್ಚು ಅಪಾಯಕರ. ವರ್ಡಿನ ಇತ್ತೀಚಿನ ಆವೃತ್ತಿಗಳು ಫೈಲನ್ನು ಉಳಿಸುವಾಗ, ಬೇಡವೆಂದು ಹೇಳದಿದ್ದರೆ, ಚಿತ್ರಗಳನ್ನು ಅಂಗುಲಕ್ಕೆ ೨೨೦ ಚುಕ್ಕೆಗಳಿಗೆ ಕುಗ್ಗಿಸಿಬಿಡುತ್ತವೆ. ನಾಲ್ಕು ಅಂಗುಲ ಅಗಲದ ಚಿತ್ರದಲ್ಲಿ ಉಳಿಯುವುದು ೮೮೦ ಚುಕ್ಕೆ. ಒಳ್ಳೆಯ ಅಚ್ಚಿಗೆ ಬೇಕಾದದ್ದು ೧೨೦೦. ಫೋನಿನಲ್ಲಿ ತೆಗೆದ ಮೂಲ ಫೋಟೋದಲ್ಲಿಯೋ ೪೦೦೦ದಷ್ಟು ಇದ್ದಿರಬಹುದು. ವಾಟ್ಸಾಪಿನಲ್ಲಿ ಫೋಟೋ ಎಂದೇ ಕಳುಹಿಸಿದರೂ ಇದೇ ಗತಿ. ‘ಡಾಕ್ಯುಮೆಂಟ್’ ಎಂದು ಕಳುಹಿಸಿದರೆ ಮಾತ್ರ ಮೂಲ ಹಾಗೆಯೇ ಹೋಗುತ್ತದೆ. ಮನೆಯ ಮದುವೆಯ ಫೋಟೋ ಆದರೆ ಚಿಂತೆಯಿಲ್ಲ. ಆದರೆ ವೀರಗಲ್ಲಿನ ಮೂರು ಅಂತಸ್ತುಗಳ ನಡುವಿನ ಪಟ್ಟಿಕೆಗಳಲ್ಲಿ ಸವೆದ ಅಕ್ಷರಗಳಿರುತ್ತವೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಶಿವಸಾನ್ನಿಧ್ಯ, ಈ ಮೂರು ಚಿಕ್ಕ ಪರದೆಯಲ್ಲಿಯೂ ಕಾಣುತ್ತವೆ. ಅಕ್ಷರ ಕಾಣಬೇಕಾದರೆ ಚುಕ್ಕೆಗಳು ಬೇಕು. ‘ನ’ಕಾರವೋ ‘ಸ’ಕಾರವೋ ಎಂಬ ಜಿಜ್ಞಾಸೆಗೆ ಉತ್ತರ ಆ ಕಳೆದುಹೋದ ಚುಕ್ಕೆಗಳಲ್ಲಿಯೇ ಇದ್ದೀತು.

‘ಒಂದು ಚಿತ್ರ ಪುಟ ಬಿಟ್ಟು ಪುಟಕ್ಕೆ ಸರಿದರೆ ಆಕಾಶವೇನು ಕಳಚಿ ಬೀಳುತ್ತದೆ?’ ಎಂದು ಕೇಳುವವರೂ ಇದ್ದಾರೆ. ಅವರು ಈ ನಾಲ್ಕು ತಾಲೂಕುಗಳನ್ನೊಮ್ಮೆ ಸುತ್ತಿ ಬರಬೇಕು. ಶಿಗ್ಗಾಂವಿ ತಾಲೂಕಿನಲ್ಲಿ ಕನಕದಾಸರ ಬಾಡ, ಶರೀಫರ ಶಿಶುವಿನಹಾಳ, ಅರವತ್ತು ಕಂಬದ ಗುಡಿಯ ಬಂಕಾಪುರ. ಸವಣೂರಿನಲ್ಲಿ ನವಾಬರ ಕಾಲದ ಕಟ್ಟಡಗಳು, ಸತ್ಯಬೋಧತೀರ್ಥರ ಸನ್ನಿಧಿ, ಹಲವರು ಕೈಕೈ ಹಿಡಿದರೂ ತಬ್ಬಲಾಗದ ಆ ಮೂರು ದೊಡ್ಡಹುಣಿಸೆ ಮರಗಳು. ಹಿರೇಕೆರೂರಿನ ಕಡೆಗೆ ಮದಗದ ಕೆರೆ, ಸರ್ವಜ್ಞನ ಹೆಸರಿನೊಡನೆ ಬೆಸೆದ ಅಬಲೂರು, ಮಾಸೂರು. ಊರಿನ ಹೊರಗೆ, ಕೆರೆಯ ಏರಿಯ ಮೇಲೆ, ಹನುಮಂತದೇವರ ಗುಡಿಯ ಹಿಂದೆ ಎಷ್ಟೋ ವೀರಗಲ್ಲುಗಳು, ಮಾಸ್ತಿಕಲ್ಲುಗಳು ಬಿದ್ದಿವೆ. ಕೆಲವನ್ನು ಅರಿಸಿನ ಕುಂಕುಮ ಎಣ್ಣೆ ಮುಚ್ಚಿದೆ. ಕೆಲವು ಮೆಟ್ಟಿಲ ಚಪ್ಪಡಿಯಾಗಿವೆ. ರಸ್ತೆ ಅಗಲವಾದಾಗ, ಗುಡಿ ಜೀರ್ಣೋದ್ಧಾರವಾದಾಗ, ಕಲ್ಲು ಮೂಲಸ್ಥಾನದಿಂದ ಎದ್ದು ಹೋಗುತ್ತದೆ. ಆಗ ಉಳಿಯುವ ಸಾಕ್ಷಿ ಯಾರೋ ವಿದ್ಯಾರ್ಥಿ ತೆಗೆದ ಒಂದು ಫೋಟೋ ಮತ್ತು ಅದರಡಿಯ ಒಂದು ಸಾಲು. ಆ ಸಾಲು ಬೇರೆ ಚಿತ್ರದ ಕೆಳಗೆ ನಿಂತರೆ? ಪ್ರಬಂಧ ಒಪ್ಪಿತವಾಗುತ್ತದೆ, ಅದರ ಪ್ರತಿ ಶೋಧಗಂಗಾ ಭಂಡಾರವನ್ನು ಸೇರುತ್ತದೆ. ಮುಂದಿನವನು ಅದನ್ನು ನೋಡಿ ಬರೆಯುತ್ತಾನೆ, ಅವನನ್ನು ನೋಡಿ ಇನ್ನೊಬ್ಬ. ಜಾನಪದಕ್ಕೆಂದೇ ೨೦೧೧ರಲ್ಲಿ ಗೊಟಗೋಡಿಯಲ್ಲಿ ವಿಶ್ವವಿದ್ಯಾಲಯವನ್ನು ಪಡೆದ ಈ ಸೀಮೆಯಲ್ಲಿ ಇಂತಹ ದಾಖಲೆಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ. ಹೆಚ್ಚಲಿ ಎಂಬುದೇ ಎಲ್ಲರ ಆಸೆ.

ಈ ದೃಷ್ಟಿಯಿಂದ ಅಬಲೂರಿನ ಶಿಲ್ಪಿಗಳ ಬುದ್ಧಿಯನ್ನು ಮೆಚ್ಚಬೇಕು. ಅಲ್ಲಿಯ ಸೋಮೇಶ್ವರ ದೇವಾಲಯದಲ್ಲಿ ಏಕಾಂತದ ರಾಮಯ್ಯನ ಕಥೆಯ ಶಿಲ್ಪಗಳಿವೆ. ಕಂಡರಿಸಿದವರು ಬರಿಯ ಶಿಲ್ಪವನ್ನು ಬಿಟ್ಟು ಹೋಗಲಿಲ್ಲ. ಇದು ಇಂತಹ ಪ್ರಸಂಗ ಎಂಬ ಕಿರುಬರಹವನ್ನೂ ಅದೇ ಕಲ್ಲಿನ ಮೇಲೆ ಕೊರೆದರು. ಫ್ಲೀಟ್ ಸಾಹೇಬರು ೧೮೯೮-೯೯ರ ಎಪಿಗ್ರಾಫಿಯಾ ಇಂಡಿಕಾದ ಐದನೆಯ ಸಂಪುಟದಲ್ಲಿ ಅಬಲೂರಿನ ಶಾಸನಗಳನ್ನು ಪ್ರಕಟಿಸಿದಾಗ ಯಾವ ಶಿಲ್ಪ ಯಾವ ಪ್ರಸಂಗದ್ದೆಂದು ಊಹಿಸುವ ಕಷ್ಟ ಬರಲಿಲ್ಲ. ಚಿತ್ರ, ಅಡಿಬರಹ ಎರಡಕ್ಕೂ ಒಂದೇ ಲಂಗರು, ಅದೂ ಕಲ್ಲಿನದು.

ಗಣಕದಲ್ಲಿ ಇದರ ಸಮೀಪಕ್ಕೆ ಬರುವ ಉಪಾಯ ಬಹಳ ಸರಳ. ಎರಡು ಮನೆಗಳ ಒಂದು ಕೋಷ್ಟಕ ಹಾಕಿ, ಮೇಲಿನ ಮನೆಯಲ್ಲಿ ಚಿತ್ರವನ್ನು ಸಾಲಿನೊಳಗೇ ಇಟ್ಟು, ಕೆಳಗಿನ ಮನೆಯಲ್ಲಿ ಅಡಿಬರಹ ಬರೆದು, ಕೋಷ್ಟಕದ ಗೆರೆಗಳನ್ನು ಅಳಿಸಿಬಿಡುವುದು. ಮೇಲಿನ ಮನೆಯ ಪ್ಯಾರಾಕ್ಕೆ ‘ಮುಂದಿನದರೊಡನೆ ಕೂಡಿಯೇ ಇರು’ ಎಂಬ ಅಪ್ಪಣೆ ಕೊಟ್ಟರೆ ಆಯಿತು. ಪುಟ ಎಷ್ಟೇ ಜಾರಿದರೂ ಇವೆರಡೂ ಜೊತೆಯಾಗಿಯೇ ಜಾರುತ್ತವೆ. ಬರಹವು ಚಿತ್ರದ ಸುತ್ತ ಬಳಸಿ ಹರಿಯುವ ಸೊಗಸು ಇದರಲ್ಲಿಲ್ಲ ಎಂಬುದು ನಿಜ. ಸೊಗಸು ಬೇಕಾದವರು ಅದನ್ನು ಕೊನೆಯಲ್ಲಿ ಪೇಜ್‌ಮೇಕರಿನಂತಹ ಪುಟವಿನ್ಯಾಸದ ತಂತ್ರಾಂಶದಲ್ಲಿ ಮಾಡಿಕೊಳ್ಳುವುದು ಲೇಸು. ೨೦೦೧ರಲ್ಲಿ ಹೊರಬಂದ ಪೇಜ್‌ಮೇಕರಿನ ಏಳನೆಯ ಆವೃತ್ತಿಯೇ ಅದರ ಕೊನೆಯ ಆವೃತ್ತಿಯಾದರೂ ಕನ್ನಡದ ಎಷ್ಟೋ ಪುಸ್ತಕಗಳು ಅದರಲ್ಲಿಯೇ ರೂಪುಗೊಂಡಿವೆ. ಹಾಗೆ ಮಾಡುವಾಗ ಚಿತ್ರಗಳ ಮೂಲ ಪ್ರತಿಗಳನ್ನು ವರ್ಡಿನಿಂದ ಕಿತ್ತುಕೊಡದೆ ಬೇರೆಯಾಗಿಯೇ ಒಂದು ಕೋಶದಲ್ಲಿ ಹಾಕಿ, ಪ್ರತಿಯೊಂದಕ್ಕೂ ಊರು, ಜಾಗ, ತೆಗೆದ ದಿನಾಂಕಗಳನ್ನು ಸೇರಿಸಿ ಹೆಸರಿಟ್ಟು ಕೊಡಬೇಕು. ಕ್ಯಾಮೆರಾ ಇಟ್ಟ ಅಂಕಿಗಳ ಹೆಸರಿನಿಂದ ಆರು ತಿಂಗಳಾದ ಮೇಲೆ ತೆಗೆದವನಿಗೇ ಏನೂ ತಿಳಿಯುವುದಿಲ್ಲ.

ಮೂಲ ಫೋಟೋ ಕಳೆದುಹೋಗಿ ಡಾಕ್ಸ್ ಮಾತ್ರ ಉಳಿದಿದ್ದರೆ ಒಂದು ಸ್ವಾರಸ್ಯದ ದಾರಿ ಇದೆ. ಡಾಕ್ಸ್ ಎಂಬುದು ವಾಸ್ತವವಾಗಿ ಒಂದು ಜಿಪ್ ಗಂಟು. ಫೈಲಿನ ಪ್ರತಿಯೊಂದನ್ನು ಮಾಡಿ, ಹೆಸರಿನ ಬಾಲವನ್ನು ‘ಜಿಪ್’ ಎಂದು ಬದಲಿಸಿ ಬಿಚ್ಚಿದರೆ ಒಳಗಿನ ‘ಮೀಡಿಯಾ’ ಎಂಬ ಕೋಶದಲ್ಲಿ ಎಲ್ಲ ಚಿತ್ರಗಳೂ ಸಾಲಾಗಿ ಕುಳಿತಿರುತ್ತವೆ. ಕುಗ್ಗಿದ್ದರೆ ಕುಗ್ಗಿದ ರೂಪದಲ್ಲಿಯೇ, ಅಷ್ಟೆ.

ತಿದ್ದುಪಡಿ ಮುಗಿದು ಬರಿಯ ಓದಿಗಾಗಿ ಕಳುಹಿಸುವಾಗ ಪಿಡಿಎಫ್‌ನಂತಹ ಬಂಧು ಇನ್ನೊಂದಿಲ್ಲ. ಅಡೋಬಿ ಸಂಸ್ಥೆ ೧೯೯೩ರಲ್ಲಿ ತಂದ, ೨೦೦೮ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಈ ರೂಪದಲ್ಲಿ ಪುಟವು ಪುಟವಾಗಿಯೇ ಇರುತ್ತದೆ. ಲಿಪಿಯನ್ನೂ ತನ್ನೊಳಗೇ ಹೊತ್ತೊಯ್ಯುತ್ತದೆ. ಮೊಳೆಯಚ್ಚಿನವರ ಬೆಣೆ ಹೊಡೆದ ಚೌಕಟ್ಟೇ ಮತ್ತೆ ಬಂದಂತೆ. ಆದರೆ ಬೆಣೆ ಹೊಡೆದ ಮೇಲೆ ತಿದ್ದುವುದು ಕಷ್ಟ. ಮಾರ್ಗದರ್ಶಕರು ತಿದ್ದಬೇಕಾದರೆ ಡಾಕ್ಸೇ ಹೋಗಬೇಕು. ಆದ್ದರಿಂದ ಎರಡನ್ನೂ ಕಳುಹಿಸುವುದು ಜಾಣತನ: ತಿದ್ದಲು ಒಂದು, ಹೇಗೆ ಕಾಣಬೇಕಿತ್ತೆಂದು ತಾಳೆ ನೋಡಲು ಇನ್ನೊಂದು. ಲಿಪಿಯನ್ನು ಫೈಲಿನೊಳಗೇ ಹುದುಗಿಸುವ ಅನುಕೂಲ ವರ್ಡಿನಲ್ಲಿಯೂ ಇದೆ, ಲಿಬ್ರೆ ಆಫೀಸಿನಲ್ಲಿಯೂ ಇದೆ; ಲಿಪಿಯ ಒಡೆಯರ ಅನುಮತಿ ಇರುವ ಲಿಪಿಗಳಿಗೆ ಮಾತ್ರ ಅದು ನಡೆಯುತ್ತದೆ.

ಹಾನಗಲ್ಲಿನ ನಮ್ಮ ವಿದ್ಯಾರ್ಥಿಯು ಇದನ್ನೆಲ್ಲ ಕಲಿತದ್ದು ನಾಲ್ಕು ರಾತ್ರಿ ನಿದ್ದೆಗೆಟ್ಟ ಮೇಲೆ. ಬರಹವನ್ನು ಯುನಿಕೋಡಿಗೆ ತಂದು, ನಲವತ್ತು ಚಿತ್ರಗಳನ್ನೂ ಒಂದೊಂದಾಗಿ ಕಿತ್ತು, ನಲವತ್ತು ಕೋಷ್ಟಕಗಳಲ್ಲಿ ಮರಳಿ ಕೂರಿಸಿದನು. ಹೊಸ ಪ್ರತಿಗಳು ಮೂರು ಊರುಗಳಿಗೆ ಹೊರಟವು. ಸವಣೂರಿನ ಅಂಗಡಿಯವನು ಸಾಲುಗಳು ಹಿಂದುಮುಂದಾಗಿವೆಯೆಂದೂ ಚಿತ್ರಗಳು ತಮ್ಮ ಬರಹದೊಡನೆಯೇ ಇವೆಯೆಂದೂ ತಿಳಿಸಿದನು. ಶಿಗ್ಗಾಂವಿಯಿಂದ ದೂರು ಬರಲಿಲ್ಲ. ಮರುದಿನ ಬೆಳಗ್ಗೆ ಹಿರೇಕೆರೂರಿನಿಂದ ಮಾಸ್ತರರ ಕರೆ.

“ತಮ್ಮಾ, ಈಗ ಬರೋಬರಿ ಐತಿ ನೋಡು. ವೀರಗಲ್ಲು ಹಾನಗಲ್ಲಾಗ ಐತಿ, ಅಬಲೂರಿಂದು ಅಬಲೂರಾಗ ಐತಿ.”

“ಭಾಳ ಉಪಕಾರ ಆತ್ರೀ ಸರ.”

“ತಡಿ, ಫೋನ್ ಇಡಬ್ಯಾಡ. ಚಿತ್ರದ ಕೆಳಗ ಬಲ್ಲಾಳ ಮುತ್ತಿಗಿ ಹಾಕಿದ್ದು ೧೧೬೯ ಅಂತ ಬರದೀಯಲ್ಲ, ಇದು ಯಾವ ಮಷಿನ್ಯಾಗ ಸರಿ ಕಾಣತೈತಿ?”